150 ಸಿಸಿ ಬಿಟ್ಟು ಸ್ಪೋರ್ಟ್ ಟೂರರ್ ತಗೋಬೇಕು, ಎಷ್ಟು ದೊಡ್ಡದು ತಗೊಳ್ಳಲಿ?

ಓದುಗರ ಪ್ರಶ್ನೆ: ನಾನು ತುಮಕೂರಿನವನು. ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಕೆಲಸ. ಏಳು ವರ್ಷದಿಂದ 150 ಸಿಸಿ ಬೈಕ್ ಓಡಿಸುತ್ತಿದ್ದೇನೆ. ಹೆಂಡತಿಯ ತವರು ಶಿವಮೊಗ್ಗ. ಎರಡು ತಿಂಗಳಿಗೊಮ್ಮೆ ಇಬ್ಬರೂ ಬೈಕಿನಲ್ಲೇ ಹೋಗಿಬರುತ್ತೇವೆ. ವರ್ಷಕ್ಕೊಂದು ಸಲ ಗೆಳೆಯರ ಜೊತೆ ದೂರದ ಟೂರ್ ಇರುತ್ತದೆ. ಕೈಯಲ್ಲಿ ಮೂರು ಲಕ್ಷ ಇದೆ. 300 ಸಾಕಾ, ಇಲ್ಲ ಸಾಲ ಮಾಡಿ ನೇರ 650ಕ್ಕೇ ಹೋಗಲಾ? ನನ್ನ ಎತ್ತರ ಐದಡಿ ಐದಿಂಚು.

ಉತ್ತರ: ಮೊದಲೇ ಹೇಳಿಬಿಡುತ್ತೇನೆ, 650 ಈಗ ಬೇಡ. 250ರಿಂದ 400 ಸಿಸಿ ಒಳಗಿನ ಗಾಡಿ ನಿಮಗೆ ಸಾಕು. ಆದರೆ ಅದನ್ನು ಹಿಂದಿನ ಸೀಟು ನೋಡಿ ಆರಿಸಿ. ನೀವು ಕೇಳಿದ್ದು ಸಿಸಿ ಬಗ್ಗೆ. ನನಗೆ ನಿಮ್ಮ ಪತ್ರದಲ್ಲಿ ಮುಖ್ಯ ಅನಿಸಿದ್ದು 'ಇಬ್ಬರೂ' ಅನ್ನೋ ಒಂದು ಮಾತು.

ಸ್ಪೋರ್ಟ್ ಟೂರರ್ ಅಂದರೆ ಅರ್ಧ ರೇಸ್ ಬೈಕು, ಅರ್ಧ ದೂರದ ಪಯಣದ ಬೈಕು. ಮುಂದೆ ಗಾಳಿ ತಡೆಯೋಕೆ ಫೇರಿಂಗ್ ಅನ್ನೋ ಹೊದಿಕೆ ಮತ್ತು ವಿಂಡ್‌ಸ್ಕ್ರೀನ್ ಇರುತ್ತವೆ. ಎರಡೂ ಚಕ್ರ 17 ಇಂಚಿನವು, ಹಾಗಾಗಿ ತಿರುವಿನಲ್ಲಿ ಚುರುಕು. ಹ್ಯಾಂಡಲ್ ರೇಸ್ ಬೈಕಿನಷ್ಟು ತಗ್ಗಿನಲ್ಲಿ ಇರುವುದಿಲ್ಲ. ಹಿಂದೆ ಒಬ್ಬರು ನಿಜವಾಗಿ ಕೂರಬಹುದಾದ ಸೀಟಿರುತ್ತದೆ. ಕವಾಸಕಿ ನಿಂಜಾ 1000 ಎಸ್‌ಎಕ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ಆದರೆ 300 ಸಿಸಿ ಆಸುಪಾಸಿನಲ್ಲಿ ಹೀಗೆ ಎರಡೂ ಸಮವಾಗಿ ಬೆರೆತ ಗಾಡಿ ಕಡಿಮೆ. ಕೆಲವು ರೇಸಿನ ಕಡೆ ವಾಲಿರುತ್ತವೆ, ಕೆಲವು ಟೂರಿನ ಕಡೆ. ಶೋರೂಮಿನಲ್ಲಿ ಏನು ಹೇಳಿದರೂ ಕೇಳಿಸಿಕೊಳ್ಳಿ. ಆಮೇಲೆ ಹ್ಯಾಂಡಲ್ ಎಲ್ಲಿದೆ, ಫುಟ್‌ರೆಸ್ಟ್ ಎಷ್ಟು ಹಿಂದಿದೆ, ಹಿಂದಿನ ಸೀಟು ಎಷ್ಟು ಅಗಲ ಇದೆ ಅಂತ ನೀವೇ ನೋಡಿ.

ಇದನ್ನು ನಾನು ಕಲಿತದ್ದು ದುಡ್ಡು ಕಳೆದುಕೊಂಡು. ವರ್ಷಗಳ ಹಿಂದೆ ಫೇರಿಂಗ್ ಇರುವ ಒಂದು ಗಾಡಿಯ ಅಂದಕ್ಕೆ ಸೋತು, ಹತ್ತು ನಿಮಿಷ ಓಡಿಸಿ ನೋಡಿ ಬುಕ್ ಮಾಡಿದೆ. ಮೊದಲ ಸಲ ನಾನೂ ಹೆಂಡತಿಯೂ ಚಿತ್ರದುರ್ಗಕ್ಕೆ ಹೊರಟೆವು. ಶಿರಾ ದಾಟುವಷ್ಟರಲ್ಲಿ ನನ್ನ ಅಂಗೈ ಜೋಮು ಹಿಡಿದಿತ್ತು. ಹಿಂದೆ ಕೂತವಳ ಸೀಟು ಎತ್ತರದಲ್ಲಿತ್ತು, ಮುಂದಕ್ಕೆ ಇಳಿಜಾರಾಗಿತ್ತು. ಬ್ರೇಕ್ ಹಿಡಿದಾಗಲೆಲ್ಲ ಜಾರಿ ಬಂದು ನನ್ನ ಬೆನ್ನಿಗೆ ಒತ್ತುತ್ತಿದ್ದಳು. ಆ ಭಾರವೆಲ್ಲ ನನ್ನ ಮಣಿಕಟ್ಟಿನ ಮೇಲೆ. ಹಿರಿಯೂರಿನಲ್ಲಿ ಕಾಫಿಗೆ ನಿಲ್ಲಿಸಿದಾಗ, "ವಾಪಸ್ ನಾನು ಬಸ್ಸಲ್ಲಿ ಬರ್ತೀನಿ ಕಣ್ರೀ" ಅಂದಳು. ಹಾಗೇ ಬಂದಳು. ಆಮೇಲೆ ಒಂದೂವರೆ ವರ್ಷ ಆ ಗಾಡಿಯಲ್ಲಿ ನಾನೊಬ್ಬನೇ ತಿರುಗಿದೆ, ಕೊನೆಗೆ ಮಾರಿದೆ. ಇವತ್ತಿಗೂ ಬೇಸರ ಇರುವುದು ಹೋದ ದುಡ್ಡಿಗಲ್ಲ, ಇಬ್ಬರೂ ಸೇರಿ ಹೋಗಬಹುದಾಗಿದ್ದ ಆ ಒಂದೂವರೆ ವರ್ಷಕ್ಕೆ.

ಈಗ ಸಿಸಿ ವಿಷಯಕ್ಕೆ ಬರೋಣ. ನಿಮ್ಮ 150 ಯಾಕೆ ಸಾಲುತ್ತಿಲ್ಲ? ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅದನ್ನು ಸೀಳೋಕೆ ಬೇಕಾದ ಪವರ್ ಘನಕ್ಕೆ ತಕ್ಕಂತೆ ಏರುತ್ತದೆ. ಲೆಕ್ಕ ಹಾಕಿ ನೋಡಿ: ಗಾಳಿಯೊಂದಕ್ಕೇ 80ರಲ್ಲಿ ಎಷ್ಟು ಪವರ್ ಬೇಕೋ, 100ರಲ್ಲಿ ಹತ್ತಿರ ಹತ್ತಿರ ಅದರ ಎರಡರಷ್ಟು ಬೇಕು. 150 ಗಾಡಿಯಲ್ಲಿ ಇಬ್ಬರು ಕೂತು, ಬ್ಯಾಗ್ ಕಟ್ಟಿ, ಎದುರುಗಾಳಿಗೆ ಹೋದರೆ 90ಕ್ಕೆಲ್ಲ ಎಂಜಿನ್ನಿನ ಬಹುಪಾಲು ಶಕ್ತಿ ಖರ್ಚಾಗಿರುತ್ತದೆ. ಮುಂದಿನ ಲಾರಿ ದಾಟಬೇಕು ಅಂದರೆ ಮಿಕ್ಕಿರುವುದು ಸ್ವಲ್ಪವೇ. ಹ್ಯಾಂಡಲ್ ನಡುಗುವುದು, ಕಾಲು ಜೋಮು ಹಿಡಿಯುವುದು, ಸುಸ್ತು ಎಲ್ಲ ಅಲ್ಲಿಂದಲೇ. ಹಾಗಾಗಿ ದೊಡ್ಡ ಗಾಡಿ ಬೇಕು ಅನ್ನೋ ನಿಮ್ಮ ಆಸೆ ಸರಿಯಾಗಿಯೇ ಇದೆ.

ಆದರೆ ಎಷ್ಟು ದೊಡ್ಡದು? ಡಿವೈಡರ್ ಇರುವ ನಾಲ್ಕು ಪಥದ ಹೆದ್ದಾರಿಯಲ್ಲಿ ಬೈಕಿಗೆ ಕಾನೂನಿನ ಮಿತಿಯೇ ಗಂಟೆಗೆ 80 ಕಿ.ಮೀ., 2018ರ ಕೇಂದ್ರದ ಆದೇಶದ ಪ್ರಕಾರ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕಂತೂ 2023ರ ಆಗಸ್ಟ್ 1ರಿಂದ ಬೈಕುಗಳನ್ನೇ ಬಿಡುತ್ತಿಲ್ಲ. ನಿಮ್ಮ ಶಿವಮೊಗ್ಗದ ದಾರಿ ನೆನಪಿಸಿಕೊಳ್ಳಿ: ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ. ಮಧ್ಯೆ ಊರು, ಹಂಪ್ಸ್, ತೆಂಗಿನಕಾಯಿ ಲಾರಿ, ರಸ್ತೆ ಬದಿಯಿಂದ ತಟ್ಟನೆ ನುಗ್ಗುವ ಟ್ರ್ಯಾಕ್ಟರ್. ಇಲ್ಲಿ ಬೇಕಾದದ್ದು 50ರಿಂದ 80ಕ್ಕೆ ಗೇರ್ ಇಳಿಸದೆ ಎಳೆಯುವ ಎಂಜಿನ್. 160ಕ್ಕೆ ಹೋಗುವ ಎಂಜಿನ್ ಅಲ್ಲ.

ಅದಕ್ಕೇ ಬರೀ ಪವರ್ ನೋಡಬೇಡಿ, ಟಾರ್ಕ್ (ಎಂಜಿನ್ನಿನ ಎಳೆಯುವ ಬಲ) ನೋಡಿ, ಅದು ಎಷ್ಟು ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುವಾಗ ಸಿಗುತ್ತದೆ ನೋಡಿ. ನಿಂಜಾ 300ದ್ದು ಎರಡು ಸಿಲಿಂಡರಿನ ಎಂಜಿನ್, 39 ಪಿಎಸ್ (ಹಾರ್ಸ್‌ಪವರ್ ಥರದ ಪವರಿನ ಅಳತೆ). ಬಜಾಜ್ ಡಾಮಿನಾರ್ 400ದ್ದು ಒಂದೇ ಸಿಲಿಂಡರ್, 373 ಸಿಸಿ, 40 ಪಿಎಸ್. ಪವರ್ ಸರಿಸುಮಾರು ಒಂದೇ ಅಲ್ವಾ? ಆದರೆ ನಿಂಜಾ ತನ್ನ ಪೂರ್ತಿ ಪವರ್ ಕೊಡುವುದು 11,000 ಆರ್‌ಪಿಎಂನಲ್ಲಿ. ಟಾರ್ಕ್ 26 ನ್ಯೂಟನ್ ಮೀಟರಿನ ಆಸುಪಾಸು. ಡಾಮಿನಾರ್‌ನದ್ದು 35. ನಿಂಜಾ ಬೆಣ್ಣೆಯಷ್ಟು ನುಣುಪು, ಆದರೆ ಎಂಜಿನ್ ಕೂಗಿಸುತ್ತಲೇ ಇರಬೇಕು. ಡಾಮಿನಾರ್ ಇಬ್ಬರನ್ನು ಹೊತ್ತುಕೊಂಡು ಮಧ್ಯದ ಆರ್‌ಪಿಎಂನಲ್ಲೇ ಎಳೆಯುತ್ತದೆ, ನಡುಕ ಸ್ವಲ್ಪ ಜಾಸ್ತಿ.

650 ಬೇಡ ಅಂದದ್ದಕ್ಕೆ ದುಡ್ಡೊಂದೇ ಕಾರಣ ಅಲ್ಲ. ನಿಂಜಾ 650ಯದ್ದು 68 ಪಿಎಸ್. ನಿಮ್ಮ ಈಗಿನ ಗಾಡಿಯದ್ದು 14ರ ಆಸುಪಾಸು ಇರಬೇಕು. ಒಂದೇ ಹೆಜ್ಜೆಗೆ ಐದು ಪಟ್ಟು ಹತ್ತಿದ ಹಾಗಾಯಿತು. ನಮ್ಮಲ್ಲಿ ಗೇರ್ ಬೈಕಿನ ಲೈಸೆನ್ಸ್ ಒಂದಿದ್ದರೆ ಯಾವ ಬೈಕನ್ನು ಬೇಕಾದರೂ ಓಡಿಸಬಹುದು. ಯುರೋಪಿನಲ್ಲಿ ಹಾಗಿಲ್ಲ. ಅಲ್ಲಿ ಎಳೆಯ ವಯಸ್ಸಿನಲ್ಲಿ ಶುರು ಮಾಡುವವರಿಗೆ ಮೊದಲು 125 ಸಿಸಿ, ಆಮೇಲೆ 35 ಕಿಲೋವಾಟ್‌ವರೆಗೆ, ಅಂದರೆ ಸುಮಾರು 48 ಪಿಎಸ್. ಕೊನೆಗೆ ದೊಡ್ಡದು. ಆ ಮಧ್ಯದ ಮೆಟ್ಟಿಲು ಸುಮ್ನೆ ಇಟ್ಟದ್ದಲ್ಲ. 14 ಪಿಎಸ್ ಗಾಡಿಯಲ್ಲಿ ಕೈಗೆ ಕೂತ ಅಂದಾಜು, ಅಂದರೆ ಎಷ್ಟು ದೂರದಿಂದ ಬ್ರೇಕ್ ಹಿಡಿಯಬೇಕು, ತಿರುವಿನಲ್ಲಿ ಎಷ್ಟು ಥ್ರಾಟಲ್ ಕೊಡಬೇಕು ಅನ್ನೋದು, 68 ಪಿಎಸ್ ಗಾಡಿಯಲ್ಲಿ ಮೋಸ ಮಾಡುತ್ತದೆ. ನಮ್ಮ ಕಾನೂನು ಆ ಮೆಟ್ಟಿಲು ಕಟ್ಟಿಕೊಟ್ಟಿಲ್ಲ, ನಾವೇ ಕಟ್ಟಿಕೊಳ್ಳಬೇಕು.

ತೂಕವೂ ಹಾಗೇ. ನಿಮ್ಮ ಗಾಡಿ 145 ಕಿಲೋ ಇದ್ದೀತು. ಸುಜುಕಿ ಜಿಕ್ಸರ್ ಎಸ್‌ಎಫ್ 250 161 ಕಿಲೋ, ನಿಂಜಾ 300 179, ಡಾಮಿನಾರ್ 193. ಓಡುವಾಗ ಈ ತೂಕ ಗೊತ್ತಾಗುವುದಿಲ್ಲ. ಬದಲಿಗೆ, ಹಿರಿಯೂರು–ಚಿತ್ರದುರ್ಗದ ಕಡೆ ಅಡ್ಡಗಾಳಿ ಬೀಸಿದಾಗ ಭಾರದ ಗಾಡಿ ಗಟ್ಟಿಯಾಗಿ ನಿಲ್ಲುತ್ತದೆ. ಕಷ್ಟ ಕೊಡುವುದು ಮನೆ ಮುಂದಿನ ಇಳಿಜಾರಿನಲ್ಲಿ ಹಿಂದಕ್ಕೆ ತಳ್ಳುವಾಗ, ದೇವರಾಯನದುರ್ಗದ ದಾರಿಯಲ್ಲಿ ಗಾಡಿ ತಿರುಗಿಸಿಕೊಳ್ಳುವಾಗ. ಶೋರೂಮಿನಲ್ಲಿ ಸ್ಟಾರ್ಟ್ ಮಾಡುವ ಮೊದಲು ಎಂಜಿನ್ ಆಫ್ ಇಟ್ಟು ಹತ್ತು ಹೆಜ್ಜೆ ಹಿಂದಕ್ಕೆ ತಳ್ಳಿ ನೋಡಿ. ಎತ್ತರದ ಚಿಂತೆ ಬಿಡಿ. ಡಾಮಿನಾರ್ ಮತ್ತು ಎಸ್‌ಎಫ್ 250 ಸೀಟಿನ ಎತ್ತರ 800 ಮಿ.ಮೀ. ನಿಮ್ಮ ಎತ್ತರಕ್ಕೆ ಎರಡೂ ಕಾಲಿನ ಮುಂಪಾದ ನೆಲಕ್ಕೆ ತಾಗುತ್ತದೆ. ಸಿಗ್ನಲ್ಲಿನಲ್ಲಿ ಸ್ವಲ್ಪ ಪಕ್ಕಕ್ಕೆ ಜರುಗಿ ಒಂದು ಕಾಲು ಪೂರ್ತಿ ಊರಿದರೆ ಸಾಕು.

ಇನ್ನು ದುಡ್ಡು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ 18%, ಅದರ ಮೇಲಿನದಕ್ಕೆ 40%. ಥರ್ಡ್ ಪಾರ್ಟಿ ವಿಮೆಯೂ ಅದೇ ಗೆರೆಯಲ್ಲಿ ಏರುತ್ತದೆ. 2022ರಲ್ಲಿ ನಿಗದಿಯಾದ ದರದಲ್ಲಿ 150ರಿಂದ 350 ಸಿಸಿವರೆಗೆ ವರ್ಷಕ್ಕೆ 1,366 ರೂಪಾಯಿ, ಮೇಲಿನದಕ್ಕೆ 2,804. ಪೆಟ್ರೋಲ್ ಲೆಕ್ಕವನ್ನೂ ಹಾಕಿಕೊಳ್ಳಿ. ಈಗ ಲೀಟರಿಗೆ 45 ಸಿಗುತ್ತಿದ್ದು ಮುಂದೆ 28 ಸಿಕ್ಕರೆ, ತಿಂಗಳಿಗೆ 1,000 ಕಿ.ಮೀ. ಓಡಿಸುವವರಿಗೆ ಹದಿಮೂರು ಹದಿನಾಲ್ಕು ಲೀಟರ್ ಹೆಚ್ಚಿಗೆ ಬೇಕು. ಅಗಲದ ರೇಡಿಯಲ್ ಟೈರಿನ ಬೆಲೆಯೂ 150ರ ಟೈರಿನಂತಲ್ಲ. ಮೂರು ಲಕ್ಷ ಇದ್ದರೆ ಎರಡೂವರೆಯ ಗಾಡಿ ತಗೊಳ್ಳಿ. ಉಳಿದದ್ದರಲ್ಲಿ ಇಬ್ಬರಿಗೂ ಒಳ್ಳೆಯ ಹೆಲ್ಮೆಟ್, ಜಾಕೆಟ್, ಗ್ಲೌಸ್ ಬರಲಿ. ಹಿಂದೆ ಕೂರುವವರಿಗೆ ಹಳೆ ಹೆಲ್ಮೆಟ್ ದಾಟಿಸುವ ರೂಢಿ ನಮ್ಮಲ್ಲಿದೆ. ದಯವಿಟ್ಟು ಹಾಗೆ ಮಾಡಬೇಡಿ.

ನಾನಾಗಿದ್ದರೆ ಯಾವುದು ಆರಿಸುತ್ತಿದ್ದೆ? ಟಿವಿಎಸ್ ಅಪಾಚೆ ಆರ್‌ಆರ್ 310 ಚೆಂದದ ಗಾಡಿ, ತಿರುವಿನಲ್ಲಿ ಅದರ ಖುಷಿಯೇ ಬೇರೆ. ಆದರೆ ಅದು ರೇಸಿನ ಕಡೆ ವಾಲಿದ್ದು, ಹಿಂದೆ ಕೂತು ಶಿವಮೊಗ್ಗ ಮುಟ್ಟುವವರಿಗೆ ಹೇಳಿದ್ದಲ್ಲ. ಹೀರೋ ಕರಿಜ್ಮಾ ಎಕ್ಸ್‌ಎಂಆರ್ 25.5 ಪಿಎಸ್‌ನದ್ದು, ಒಬ್ಬರೇ ಹೋಗುವವರಿಗೆ ಚೆನ್ನಾಗಿದೆ. ನಿಂಜಾ 300 ನಿಮ್ಮ ಬಜೆಟ್ ದಾಟುತ್ತದೆ. ಹೊಸದೇ ಬೇಕು ಅಂದರೆ ಎಸ್‌ಎಫ್ 250 ನೋಡಿ. 26.5 ಪಿಎಸ್, ಹಗುರ, ಹ್ಯಾಂಡಲ್ ಮಣಿಕಟ್ಟಿಗೆ ಹಿಂಸೆ ಕೊಡುವುದಿಲ್ಲ. ಎಂಜಿನ್ ತಣಿಸುವುದು ಆಯಿಲ್ಲೇ ಆದ್ದರಿಂದ ಕೂಲೆಂಟ್ ನೋಡಿಕೊಳ್ಳುವ ತಾಪತ್ರಯವೂ ಇಲ್ಲ. ಆದರೆ ನನ್ನ ಮನಸ್ಸು ವಾಲುವುದು ಚೆನ್ನಾಗಿ ನೋಡಿಕೊಂಡ ಸೆಕೆಂಡ್ ಹ್ಯಾಂಡ್ ಡಾಮಿನಾರ್ ಕಡೆ. ಅದಕ್ಕೆ ಪೂರ್ತಿ ಫೇರಿಂಗ್ ಇಲ್ಲ, ನಿಜ. ಆದರೆ ವಿಂಡ್‌ಸ್ಕ್ರೀನ್ ಹಾಕಿಸಬಹುದು, ಹಿಂದಿನ ಸೀಟು ಅಗಲ, ಟಾರ್ಕ್ ಇದೆ. 40% ಜಿಎಸ್‌ಟಿ ಹೊಸದು ತಗೊಳ್ಳುವವರ ತಲೆನೋವು. 2019ರಲ್ಲಿ ಬದಲಾದ ಮಾಡೆಲ್ ಅಥವಾ ಅದರ ನಂತರದ್ದೇ ಇರಲಿ. ಅದಕ್ಕೆ ಮೊದಲಿನದ್ದು 35 ಪಿಎಸ್, ಹಳೇ ನಮೂನೆಯ ಫೋರ್ಕಿನದ್ದು (ಮುಂದಿನ ಚಕ್ರದ ಶಾಕ್ ಅಬ್ಸಾರ್ಬರ್).

ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಮುಂದಿನ ಫೋರ್ಕಿನ ಸೀಲಿನಿಂದ ಆಯಿಲ್ ಜಿನುಗುತ್ತಿದೆಯಾ ನೋಡಿ. ಮುಂದಿನ ಚಕ್ರ ಎತ್ತಿಸಿ ಹ್ಯಾಂಡಲ್ ನಿಧಾನ ತಿರುಗಿಸಿ. ಮಧ್ಯದಲ್ಲಿ ಎಲ್ಲೋ ಸಿಕ್ಕಿದ ಹಾಗಾದರೆ ಸ್ಟೀರಿಂಗ್ ಬೇರಿಂಗ್ ಹೋಗಿದೆ. ಚೈನ್ ಸ್ಪ್ರಾಕೆಟ್ಟಿನ ಹಲ್ಲು ಚೂಪಾಗಿ ಬಾಗಿದ್ದರೆ ಪೂರ್ತಿ ಸೆಟ್ಟಿನ ಬೆಲೆ ಇಳಿಸಿ ಮಾತಾಡಿ. ಆರ್‌ಸಿಯಲ್ಲಿ ಬ್ಯಾಂಕಿನ ಸಾಲ ಬಾಕಿ ಇದೆಯಾ, ದಂಡದ ಚಲನ್ ಉಳಿದಿದೆಯಾ ಅಂತ ಸರ್ಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ನೋಡಿ. ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಎರಡೂ ಚಕ್ರಕ್ಕೆ ಇರುವ ಡ್ಯುಯಲ್ ಚಾನೆಲ್ ಆಗಿರಲಿ, ಯಾವ ಗಾಡಿಯಾದರೂ ಸರಿ. ಸರ್ವಿಸ್ ತುಮಕೂರಿನಲ್ಲೇ ಆಗುತ್ತದಾ ಅಂತ ಕೇಳಿ. ಪ್ರತಿ ಸಲವೂ 70 ಕಿ.ಮೀ. ದೂರದ ಬೆಂಗಳೂರಿಗೆ ಹೋಗಿ ನೆಲಮಂಗಲದ ಟ್ರಾಫಿಕ್ಕಿನಲ್ಲಿ ನಿಂತು ಬರುವುದಾದರೆ ಸರ್ವಿಸ್ ಮುಂದೆ ಹೋಗುತ್ತಲೇ ಇರುತ್ತದೆ.

ಟೆಸ್ಟ್ ರೈಡಿಗೆ ಹೋಗುವಾಗ ಮನೆಯವರನ್ನೂ ಕರೆದುಕೊಂಡು ಹೋಗಿ. ಶೋರೂಮಿನ ಮುಂದೆ ಒಂದು ಸುತ್ತು ಹಾಕಿದರೆ ಏನೂ ಗೊತ್ತಾಗುವುದಿಲ್ಲ. ಕ್ಯಾತ್ಸಂದ್ರದವರೆಗಾದರೂ ಕೇಳಿ, ತಟ್ಟೆ ಇಡ್ಲಿ ತಿನ್ನುವಾಗ ಅವರ ಅಭಿಪ್ರಾಯ ಕೇಳಿ. ಮೊಣಕಾಲು ಎಷ್ಟು ಮಡಚುತ್ತದೆ, ಹಿಡಿದುಕೊಳ್ಳೋಕೆ ಏನಿದೆ, ಬ್ರೇಕ್ ಹಾಕಿದಾಗ ಮುಂದಕ್ಕೆ ಜಾರುತ್ತಾರಾ ಅನ್ನೋದನ್ನು ಅವರೇ ಹೇಳಬೇಕು. ಗಾಡಿ ಮನೆಗೆ ಬಂದ ಮೇಲೆ, ಶಿವಮೊಗ್ಗಕ್ಕೆ ಹೊರಡುವ ಹಿಂದಿನ ದಿನ ಮೆಕ್ಯಾನಿಕ್ ಹತ್ತಿರ ಹಿಂದಿನ ಸ್ಪ್ರಿಂಗನ್ನು ಇಬ್ಬರ ತೂಕಕ್ಕೆ ಬಿಗಿ ಮಾಡಿಸಿ. ಬರೀ ಐದು ನಿಮಿಷದ ಕೆಲಸ. ಹಿಂದಿನ ಟೈರಿನ ಗಾಳಿಯನ್ನೂ ಇಬ್ಬರು ಕೂರುವಾಗ ಎಷ್ಟಿರಬೇಕು ಅಂತ ಗಾಡಿಯ ಪುಸ್ತಕದಲ್ಲಿ ನೋಡಿ, ಬೆಳಿಗ್ಗೆ ಟೈರ್ ತಣ್ಣಗಿರುವಾಗಲೇ ಹಾಕಿಸಿ.