ರೇಡಿಯೇಶನ್ ನಡುವೆಯೇ ಚರ್ಮ ಕಪ್ಪಾಗಿ ಉರಿಯುತ್ತಿದೆ, ನಿಲ್ಲಿಸಬಹುದಾ?

ಪ್ರಶ್ನೆ: ಅಮ್ಮನಿಗೆ ಎಡ ಸ್ತನದ ಗಡ್ಡೆ ತೆಗೆದ ಮೇಲೆ ಈಗ ರೇಡಿಯೇಶನ್ ಕೊಡುತ್ತಿದ್ದಾರೆ. ಒಟ್ಟು 20 ಸಿಟ್ಟಿಂಗ್ ಎಂದಿದ್ದಾರೆ, 12 ಮುಗಿದಿದೆ. ಎದೆಯ ಚರ್ಮ ಸುಟ್ಟ ಹಾಗೆ ಕಪ್ಪಾಗಿದೆ. ಕಂಕುಳಲ್ಲಿ ಉರಿ, ತುರಿಕೆ. ಮೈಮೇಲೆ ಹಾಕಿದ ಗೆರೆ ಅಳಿಸಿಹೋಗುತ್ತದೆ ಎಂದು ಸ್ನಾನವನ್ನೂ ಬಿಟ್ಟಿದ್ದಾರೆ. ನೆಂಟರೆಲ್ಲ 'ಕರೆಂಟ್ ಜಾಸ್ತಿ ಆಗಿದೆ, ಇಷ್ಟು ಸಾಕು, ಬಿಟ್ಟುಬಿಡಿ' ಎನ್ನುತ್ತಿದ್ದಾರೆ. ನಿಲ್ಲಿಸಬಹುದಾ? ಮನೆಯಲ್ಲೇ ಏನಾದರೂ ಹಚ್ಚಬಹುದಾ?

ಉತ್ತರ: ನಿಲ್ಲಿಸಬೇಡಿ. ನೀವಾಗಿಯೇ ಒಂದು ದಿನವನ್ನೂ ತಪ್ಪಿಸಬೇಡಿ. ನಾಳೆ ಸಿಟ್ಟಿಂಗ್‌ಗೆ ಹೋದಾಗ ಅಮ್ಮನ ಚರ್ಮವನ್ನು ರೇಡಿಯೇಶನ್ ಡಾಕ್ಟರಿಗೆ ತೋರಿಸಿ. ಯಂತ್ರದ ಕೋಣೆಯ ಸಿಬ್ಬಂದಿಗೆ ಹೇಳಿ ಬಂದರೆ ಸಾಲದು, ಡಾಕ್ಟರೇ ನೋಡಬೇಕು. ಚರ್ಮ ತೀರಾ ಹಾಳಾದರೆ ಕೆಲವೊಮ್ಮೆ ಅವರೇ ಒಂದೆರಡು ದಿನ ಬಿಡುವು ಕೊಡುತ್ತಾರೆ. ಆದರೆ ಆ ತೀರ್ಮಾನ ಅವರದ್ದು, ನೆಂಟರದ್ದಲ್ಲ.

ಇಷ್ಟು ಖಡಾಖಂಡಿತವಾಗಿ ಹೇಳಲು ಕಾರಣವಿದೆ. ಆಪರೇಷನ್‌ನಲ್ಲಿ ಗಡ್ಡೆ ಹೋಗಿರುತ್ತದೆ. ಆದರೆ ಸ್ಕ್ಯಾನ್‌ನಲ್ಲೂ ಕಾಣದಷ್ಟು ಸಣ್ಣ ಕ್ಯಾನ್ಸರ್ ಕೋಶಗಳು ಸ್ತನದಲ್ಲಿ ಉಳಿದಿರಬಹುದು. ಅವುಗಳನ್ನು ಕೊಲ್ಲಲೆಂದೇ ಈ ಚಿಕಿತ್ಸೆ. ಲೆಕ್ಕ ಹಾಕಿದ ಒಟ್ಟು ಪ್ರಮಾಣವನ್ನು ದಿನಕ್ಕಿಷ್ಟು ಎಂದು ಹಂಚಿ, ಸಾಮಾನ್ಯವಾಗಿ ವಾರಕ್ಕೆ 5 ದಿನ ಕೊಡುತ್ತಾರೆ. ನಡುವೆ ಬಿಟ್ಟರೆ ಉಳಿದ ಕೋಶಗಳಿಗೆ ಮತ್ತೆ ಚೇತರಿಸಿಕೊಂಡು ಬೆಳೆಯಲು ಸಮಯ ಸಿಗುತ್ತದೆ. ಆಮೇಲೆ ಬಂದು ಉಳಿದದ್ದನ್ನು ಕೊಡಿಸಿಕೊಂಡರೂ ಮೊದಲಿನ ಫಲ ಸಿಗುತ್ತದೆ ಎನ್ನಲಾಗದು.

20 ಸಿಟ್ಟಿಂಗ್ ಎಂದರೆ ಸಾಮಾನ್ಯವಾಗಿ ಮೊದಲ 15 ಇಡೀ ಸ್ತನಕ್ಕೆ, ಕೊನೆಯ 5 ಗಡ್ಡೆ ಇದ್ದ ಜಾಗಕ್ಕೆ ಮಾತ್ರ. ಹಾಗಿದ್ದರೆ ಇನ್ನು ಮೂರು ದಿನಕ್ಕೆ ಅಮ್ಮನ ಕಂಕುಳು ಮತ್ತು ಸ್ತನದ ಹೆಚ್ಚಿನ ಭಾಗಕ್ಕೆ ಕಿರಣ ಬೀಳುವುದು ನಿಲ್ಲುತ್ತದೆ. ಇದನ್ನು ಡಾಕ್ಟರ್ ಹತ್ತಿರ ಕೇಳಿ ಖಚಿತ ಮಾಡಿಕೊಂಡು ಅಮ್ಮನಿಗೆ ಹೇಳಿ. ಎಷ್ಟೋ ಜನರಿಗೆ ಇದನ್ನು ಯಾರೂ ಬಿಡಿಸಿ ಹೇಳಿರುವುದೇ ಇಲ್ಲ.

ಇನ್ನು ಚರ್ಮದ ವಿಷಯ. 'ಕರೆಂಟ್' ಎಂದು ಬಾಯಿಮಾತಿಗೆ ಹೇಳುತ್ತೇವೆಯೇ ಹೊರತು ಮೈಗೆ ಬೀಳುವುದು ವಿದ್ಯುತ್ ಅಲ್ಲ, ಹೆಚ್ಚು ಶಕ್ತಿಯ ಎಕ್ಸ್-ರೇ. ಬೆಂಕಿಯ ಹಾಗೆ ತಕ್ಷಣ ಸುಡುವುದೂ ಇಲ್ಲ. ನಮ್ಮ ಹೊರಚರ್ಮದ ತಳದಲ್ಲಿ ಹೊಸ ಕೋಶಗಳು ಹುಟ್ಟುತ್ತಾ, ಮೇಲೇರುತ್ತಾ, ಹಳೆಯವು ಉದುರುತ್ತಾ ಇರುತ್ತವೆ. ಒಂದು ಸುತ್ತಿಗೆ ಸುಮಾರು ನಾಲ್ಕು ವಾರ ಬೇಕು. ಕಿರಣಗಳ ಪೆಟ್ಟು ಬೀಳುವುದು ಆ ತಳಕ್ಕೆ. ಗದ್ದೆಯಲ್ಲಿ ಪೈರು ಹಸಿರಾಗಿಯೇ ನಿಂತಿದ್ದು, ಸಸಿಮಡಿ ಮಾತ್ರ ಒಣಗಿದ ಹಾಗೆ ಇದು. ಹಾಗಾಗಿ ಮೊದಲ ವಾರ ಏನೂ ಕಾಣಲಿಲ್ಲ, ಎರಡು ಮೂರನೇ ವಾರಕ್ಕೆ ಶುರುವಾಯಿತು. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳೂ ಕೆರಳಿ ಜಾಸ್ತಿ ಬಣ್ಣ ಮಾಡುತ್ತವೆ. ಹೊರದೇಶದ ಪುಸ್ತಕಗಳಲ್ಲಿ 'ಚರ್ಮ ಕೆಂಪಾಗುತ್ತದೆ' ಎಂದು ಬರೆದಿರುತ್ತದೆ. ನಮ್ಮ ಮೈಬಣ್ಣಕ್ಕೆ ಆ ಕೆಂಪು ಕಾಣುವುದೇ ಕಡಿಮೆ, ಕಪ್ಪೇ ಎದ್ದು ಕಾಣುತ್ತದೆ. ಅದನ್ನು ಕಂಡು ಸುಟ್ಟುಹೋಯಿತೆಂದು ಮನೆಯವರು ಹೆದರುತ್ತಾರೆ. ಚಿಕಿತ್ಸೆಯ ಪ್ರಮಾಣ ತಪ್ಪಿದ್ದಕ್ಕೆ ಬಂದ ಕಪ್ಪಲ್ಲ ಇದು.

ಒಂದು ಮಾತನ್ನು ಮಾತ್ರ ಚೆನ್ನಾಗಿ ನೆನಪಿಟ್ಟುಕೊಳ್ಳಿ. ಚರ್ಮದ ತೊಂದರೆ ಅತಿ ಜಾಸ್ತಿಯಾಗುವುದು ಚಿಕಿತ್ಸೆಯ ನಡುವೆ ಅಲ್ಲ, ಮುಗಿದ ಮೇಲೆ. ಕೊನೆಯ ಸಿಟ್ಟಿಂಗ್ ಆಗಿ ಒಂದೆರಡು ವಾರಕ್ಕೆ ಅದು ತುದಿ ಮುಟ್ಟುತ್ತದೆ. ನಂತರದ ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತದೆ. ಈ ಲೆಕ್ಕ ಗೊತ್ತಿಲ್ಲದೆ ನಮ್ಮ ಜನ ತುಂಬಾ ಕಷ್ಟಪಡುತ್ತಾರೆ. ಬೆಂಗಳೂರಿನ ಕಿದ್ವಾಯಿಗೋ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ದೂರದಿಂದ ಬಂದವರು ಧರ್ಮಶಾಲೆಯಲ್ಲೋ ಬಾಡಿಗೆ ಕೋಣೆಯಲ್ಲೋ ಇದ್ದು, ಕೊನೆಯ ದಿನವೇ ಊರಿನ ಬಸ್ಸು ಹತ್ತುತ್ತಾರೆ. ಊರಿಗೆ ಹೋದ ಮೇಲೆ ಚರ್ಮ ಸುಲಿಯತೊಡಗುತ್ತದೆ. ಅಲ್ಲಿ ನೋಡಿ ಹೇಳುವವರಿಲ್ಲ. ಯಾರೋ ಹೇಳಿದ ಸೊಪ್ಪು ಅರೆದು ಹಚ್ಚುತ್ತಾರೆ, ಹುಣ್ಣು ಕೀವಾಗುತ್ತದೆ. ಆದ್ದರಿಂದ ಆಸ್ಪತ್ರೆ ಬಿಡುವ ಮುಂಚೆಯೇ ಚರ್ಮ ಕಿತ್ತರೆ ಹಚ್ಚಬೇಕಾದ ಮುಲಾಮು ಯಾವುದು, ಯಾವ ನಂಬರಿಗೆ ಫೋನ್ ಮಾಡಬೇಕು, ಮತ್ತೆ ಯಾವಾಗ ತೋರಿಸಬೇಕು ಎಂದು ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ. ಮುಲಾಮನ್ನು ಅಲ್ಲೇ ಕೊಂಡುಕೊಳ್ಳಿ. ಚಿಕ್ಕ ಊರಿನ ಅಂಗಡಿಯಲ್ಲಿ ಅದು ಸಿಗದೇ ಹೋಗಬಹುದು.

ಸ್ನಾನ ಬಿಟ್ಟಿರುವುದು ನನಗೆ ಬಹಳ ಬೇಸರದ ಸಂಗತಿ. ಅಮ್ಮನ ತಪ್ಪಲ್ಲ, ಒಂದು ಕಾಲದಲ್ಲಿ ಆಸ್ಪತ್ರೆಗಳಲ್ಲೇ 'ನೀರು ಸೋಕಿಸಬೇಡಿ' ಎನ್ನುತ್ತಿದ್ದರು. ತೊಳೆದವರನ್ನೂ ತೊಳೆಯದವರನ್ನೂ ಹೋಲಿಸಿ ನೋಡಿದಾಗ, ತೊಳೆಯುವುದರಿಂದ ಚರ್ಮ ಕೆಡುವುದಿಲ್ಲ ಎಂದು ಗೊತ್ತಾಯಿತು. ಬೆವರು, ಕೊಳೆ ನಿಂತರೆ ತುರಿಕೆ ಜಾಸ್ತಿ, ಸೋಂಕಿನ ಭಯವೂ ಜಾಸ್ತಿ. ಉಗುರುಬೆಚ್ಚಗಿನ ನೀರು, ಹೆಚ್ಚು ವಾಸನೆಯಿಲ್ಲದ ಸೌಮ್ಯ ಸೋಪು ಸಾಕು. ಅಂಗೈಯಲ್ಲೇ ಸವರಬೇಕು. ನಾರು, ಕಲ್ಲು, ಕಡಲೆಹಿಟ್ಟು, ಸೀಗೆಪುಡಿ ಆ ಜಾಗಕ್ಕೆ ಬೇಡ. ಎಣ್ಣೆ ಹಾಕಿ ತಿಕ್ಕುವ ಅಭ್ಯಂಜನವೂ ಬೇಡ. ಆಮೇಲೆ ಮೆತ್ತನೆ ಬಟ್ಟೆ ಒತ್ತಿ ನೀರು ಹೀರಿಸಿ, ಒರೆಸಬೇಡಿ. ಸ್ತನದ ಕೆಳಗಿನ ಮಡಿಕೆ ಮತ್ತು ಕಂಕುಳು ಪೂರ್ತಿ ಒಣಗಲಿ, ಏಕೆಂದರೆ ಚರ್ಮ ಮೊದಲು ಕಿತ್ತುಬರುವುದು ಅಲ್ಲೇ.

ಗೆರೆಯ ಚಿಂತೆ ನಿಜವಾದದ್ದೇ. ಕಿರಣ ಎಲ್ಲಿ ಬೀಳಬೇಕು ಎಂದು ಅದರಿಂದಲೇ ಹೊಂದಿಸುತ್ತಾರೆ. ಕೆಲವು ಕಡೆ ಅಳಿಸದ ಹಚ್ಚೆ ಚುಕ್ಕೆ ಹಾಕುತ್ತಾರೆ, ಇನ್ನು ಕೆಲವು ಕಡೆ ಪೆನ್ನಿನ ಗೆರೆ. ನಿಮ್ಮದು ಯಾವುದು ಎಂದು ಕೇಳಿ. ಪೆನ್ನಿನದಾದರೆ ಆ ಗೆರೆಯ ಮೇಲೆ ಕೈಯಾಡಿಸದೆ ನೀರು ಹರಿಯಬಿಡಿ. ಮಸುಕಾದರೆ ಸಿಬ್ಬಂದಿಗೆ ಹೇಳಿ, ಅವರೇ ಸರಿಮಾಡುತ್ತಾರೆ. ಮನೆಯಲ್ಲಿ ನೀವೇ ತಿದ್ದಿ ಬರೆಯಬೇಡಿ.

ಏನು ಹಚ್ಚಬಹುದು? ಚರ್ಮ ಬಿರಿಯದೆ ಇರುವಾಗ ವಾಸನೆಯಿಲ್ಲದ ಸಾದಾ ಮಾಯಿಶ್ಚರೈಸರ್ ಅನ್ನು ದಿನಕ್ಕೆರಡು ಬಾರಿ ತೆಳುವಾಗಿ ಹಚ್ಚಬಹುದು. ಸಿಟ್ಟಿಂಗ್‌ಗೆ ಹೋಗುವ ಮುಂಚೆ ದಪ್ಪಗೆ ಬಳಿದಿರಬಾರದು. ದಪ್ಪ ಪದರ ಇದ್ದರೆ ಚರ್ಮದ ಮೇಲ್ಭಾಗಕ್ಕೆ ಬೀಳುವ ಪ್ರಮಾಣ ಹೆಚ್ಚಾಗಬಹುದು. ಉರಿ, ತುರಿಕೆ ಜಾಸ್ತಿ ಇದ್ದರೆ ಡಾಕ್ಟರ್ ಮೊಮೆಟಾಸೋನ್‌ನಂಥ ಸ್ಟೀರಾಯ್ಡ್ ಕ್ರೀಮ್ ಬರೆಯುತ್ತಾರೆ. ಇದರಿಂದ ಪ್ರಯೋಜನವಿದೆ ಎಂದು ಪರೀಕ್ಷೆಗಳಲ್ಲಿ ಸಾಬೀತಾಗಿದೆ. ಹಾಗೆಂದು ನೀವೇ ಅಂಗಡಿಯಿಂದ ತರಬೇಡಿ. ಸೋಂಕಿರುವ ಜಾಗಕ್ಕೆ ಸ್ಟೀರಾಯ್ಡ್ ಹಚ್ಚಿದರೆ ಕೆಡುತ್ತದೆ.

ಅರಿಶಿನದ ಬಗ್ಗೆ ಎಲ್ಲರೂ ಕೇಳುತ್ತಾರೆ, ಅಲ್ವಾ? ಇದಕ್ಕೆ ನಮ್ಮ ಮಂಗಳೂರಿನಿಂದಲೇ ಒಂದು ಉತ್ತರವಿದೆ. ಅಲ್ಲಿನ ಫಾದರ್ ಮುಲ್ಲರ್ ಮೆಡಿಕಲ್ ಕಾಲೇಜಿನ ವೈದ್ಯರು ಅರಿಶಿನ ಮತ್ತು ಗಂಧದೆಣ್ಣೆ ಇರುವ ಕ್ರೀಮನ್ನು ರೇಡಿಯೇಶನ್ ಪಡೆಯುವ ರೋಗಿಗಳಿಗೆ ಹಚ್ಚಿ ನೋಡಿದ್ದಾರೆ. ಮೊದಲು ತಲೆ-ಕುತ್ತಿಗೆ ಕ್ಯಾನ್ಸರಿನವರಲ್ಲಿ, ನಂತರ ಸ್ತನ ಕ್ಯಾನ್ಸರಿನವರಲ್ಲಿ. ಕ್ರೀಮ್ ಹಚ್ಚಿದವರಿಗೆ ಚರ್ಮದ ತೊಂದರೆ ಕಡಿಮೆಯಾಗಿತ್ತು. ಅವು ಸಣ್ಣ ಅಧ್ಯಯನಗಳು, ಭರವಸೆ ಕೊಡುವಂಥವು. ಆದರೆ ಅವರು ಹಚ್ಚಿದ್ದು ಕ್ರೀಮು, ಕೊಂಬು ತೇಯ್ದ ಅರಿಶಿನವಲ್ಲ. ಮನೆಯ ಅರಿಶಿನದ ಲೇಪ ತರಿತರಿಯಾಗಿರುತ್ತದೆ, ಒಣಗಿ ಚರ್ಮವನ್ನು ಎಳೆಯುತ್ತದೆ, ತೊಳೆಯುವಾಗ ಉಜ್ಜಬೇಕಾಗುತ್ತದೆ, ಗೆರೆಯನ್ನೂ ಮುಚ್ಚುತ್ತದೆ. ಲೋಳೆಸರ ತಂಪೆನಿಸಬಹುದು. ಆದರೆ ಪರೀಕ್ಷಿಸಿ ನೋಡಿದಾಗ ಅದು ಈ ತೊಂದರೆಯನ್ನು ತಡೆದದ್ದು ಕಾಣಲಿಲ್ಲ. ಎಲೆ ಕತ್ತರಿಸಿದಾಗ ಬರುವ ಹಳದಿ ರಸ ಕೆಲವರಿಗೆ ತುರಿಕೆ ತರಿಸುತ್ತದೆ. ಐಸ್, ಬಿಸಿನೀರಿನ ಚೀಲ, ನೋವಿನ ಬಾಮ್, ಸುಣ್ಣ, ಟೂತ್‌ಪೇಸ್ಟ್ ಇವು ಯಾವುದೂ ಆ ಜಾಗದ ಹತ್ತಿರ ಬರಬಾರದು.

ಮುಲಾಮಿನಷ್ಟೇ ಮುಖ್ಯ ಬಟ್ಟೆ. ಬಿಗಿ ರವಿಕೆಯ ತೋಳು ಕಂಕುಳನ್ನು ದಿನವಿಡೀ ಉಜ್ಜುತ್ತಿರುತ್ತದೆ. ಈ ಒಂದು ತಿಂಗಳು ಹಳೆಯ, ಒಗೆದು ಮೆತ್ತಗಾದ ಹತ್ತಿಯ ಸಡಿಲ ನೈಟಿಯೋ ಅಂಗಿಯೋ ಹಾಕಿಕೊಳ್ಳಲಿ. ತಂತಿ ಇರುವ ಬ್ರಾ ಬೇಡವೇ ಬೇಡ. ಕಂಕುಳಿಗೆ ರೇಜರ್ ಬೇಡ. ತಾಳಿ ಸರ, ಕರಿಮಣಿ ಕೂಡ ನೊಂದ ಚರ್ಮದ ಮೇಲೆ ಉಜ್ಜುತ್ತದೆ. ತೆಗೆದಿಡಲು ಎಷ್ಟೋ ತಾಯಂದಿರಿಗೆ ಮನಸ್ಸು ಒಪ್ಪುವುದಿಲ್ಲ, ಬಾಯಿಬಿಟ್ಟು ಹೇಳುವುದೂ ಇಲ್ಲ, ಸುಮ್ನೆ ನೋವು ತಿನ್ನುತ್ತಾರೆ. ಮೆತ್ತನೆಯ ದಾರಕ್ಕೆ ಗಿಡ್ಡವಾಗಿ ಪೋಣಿಸಿ ಕುತ್ತಿಗೆಯ ಬುಡದಲ್ಲೇ ನಿಲ್ಲುವ ಹಾಗೆ ಮಾಡಿಕೊಡಿ. ಸಿಟ್ಟಿಂಗ್ ಹೊತ್ತಿನಲ್ಲಿ ಮಾತ್ರ ಸಿಬ್ಬಂದಿ ಹೇಳಿದಂತೆ ತೆಗೆಯಲಿ. ಈ ಮಾತನ್ನು ಮನೆಯವರೇ ಮೊದಲು ಎತ್ತಿದರೆ ಅಮ್ಮನಿಗೆ ದೊಡ್ಡ ಸಮಾಧಾನ.

ಚರ್ಮ ಒದ್ದೆಯಾಗಿ ಕಿತ್ತುಬಂದರೆ ಮನೆಮದ್ದು, ಪೌಡರ್ ಎಲ್ಲ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಸಲೈನ್‌ನಿಂದ ತೊಳೆದು ಅಂಟದ ಡ್ರೆಸ್ಸಿಂಗ್ ಹಾಕುತ್ತಾರೆ. ಅಂಟುಪಟ್ಟಿಯನ್ನು ಕಿರಣ ಬಿದ್ದ ಚರ್ಮಕ್ಕೆ ಹಚ್ಚಲೇಬಾರದು, ತೆಗೆಯುವಾಗ ಚರ್ಮವೂ ಬರುತ್ತದೆ. ಜ್ವರ, ಕೀವು, ಕೆಟ್ಟ ವಾಸನೆ, ದಿನದಿಂದ ದಿನಕ್ಕೆ ಹರಡುವ ನೋವು ಕಂಡರೆ ಅದೇ ದಿನ ಹೋಗಿ. ಸ್ತನದ ಕೆಳಗೆ ವಿಪರೀತ ತುರಿಕೆ ಇದ್ದರೆ ಶಿಲೀಂಧ್ರದ ಸೋಂಕೂ ಆಗಿರಬಹುದು, ಅದರ ಮದ್ದು ಬೇರೆ.

ನೀವು ಕೇಳಿಲ್ಲ, ಆದರೆ ಅಮ್ಮನಿಗೆ ಸುಸ್ತೂ ಇರಬಹುದು. ಕೊನೆಯ ವಾರಗಳಲ್ಲಿ ಅದು ಹೆಚ್ಚುತ್ತದೆ, ಮುಗಿದ ಮೇಲೂ ಕೆಲವು ವಾರ ಉಳಿಯುತ್ತದೆ. ಮಲಗಿದರೂ ಹೋಗದ ಸುಸ್ತು ಇದು. ದಿನಾ ಸ್ವಲ್ಪ ನಡೆಯುವುದರಿಂದ ಇದು ಕಡಿಮೆಯಾಗುತ್ತದೆ. ಹಾಗೆಂದು ಮನೆಗೆಲಸವನ್ನೇ ವ್ಯಾಯಾಮ ಎಂದು ಅವರ ಮೇಲೆ ಹೊರಿಸಬೇಡಿ, ಒಲೆಯ ಮುಂದೆ ನಿಲ್ಲುವ ಕೆಲಸವನ್ನು ಬೇರೆ ಯಾರಾದರೂ ವಹಿಸಿಕೊಳ್ಳಲಿ. ತೀರಾ ಆಯಾಸ ಇದ್ದರೆ ಹಿಮೋಗ್ಲೋಬಿನ್ ನೋಡಿಸಿ. ಊಟದಲ್ಲಿ ನಂಜು ಎಂದು ಬದನೆಕಾಯಿ, ಮೊಟ್ಟೆ, ಮೀನು ಬಿಡಿಸುತ್ತಾರಲ್ಲ, ಅದರ ಅಗತ್ಯವಿಲ್ಲ. ಚರ್ಮ ಮತ್ತೆ ಕಟ್ಟಿಕೊಳ್ಳಲು ಪ್ರೋಟೀನ್ ಬೇಕೇ ಬೇಕು. ಮೊಳಕೆ ಕಾಳಿನ ಸಾರು, ಬೇಳೆ, ಮೊಸರು, ತಿನ್ನುವವರಾದರೆ ಮೊಟ್ಟೆ, ಮೀನು ಎಲ್ಲವೂ ಇರಲಿ. ಚೂರ್ಣ, ಕಷಾಯ, ವಿಟಮಿನ್ ಮಾತ್ರೆ ಏನೇ ಕೊಡುತ್ತಿದ್ದರೂ ಡಾಕ್ಟರಿಗೆ ಮುಚ್ಚಿಡದೆ ಹೇಳಿ.

ಈ ಚಿಕಿತ್ಸೆಯಿಂದ ತಲೆಗೂದಲು ಉದುರುವುದಿಲ್ಲ, ಕಂಕುಳ ಕೂದಲು ಉದುರಬಹುದು. ಹೊರಗಿನ ಯಂತ್ರದಿಂದ ಕೊಡುವ ಈ ಕಿರಣ ಮೈಯಲ್ಲಿ ಉಳಿಯುವುದಿಲ್ಲ. ಅಮ್ಮ ಮೊಮ್ಮಕ್ಕಳನ್ನು ಎತ್ತಿಕೊಳ್ಳಬಹುದು, ಗರ್ಭಿಣಿಯರ ಪಕ್ಕ ಕೂರಬಹುದು. ಬೇರೆ ತಟ್ಟೆ, ಬೇರೆ ಹಾಸಿಗೆ ಮಾಡಿ ದೂರ ಕೂರಿಸಿದ್ದರೆ ದಯವಿಟ್ಟು ಇವತ್ತೇ ಅದನ್ನು ಬಿಡಿ. ಚರ್ಮದ ಉರಿಗಿಂತ ಅದೇ ಹೆಚ್ಚು ನೋಯಿಸುತ್ತದೆ.

ಎಡ ಸ್ತನವಾದ್ದರಿಂದ ಹೃದಯದ ಹೆದರಿಕೆ ಸಹಜ. ಹೃದಯಕ್ಕೆ ಆದಷ್ಟು ಕಡಿಮೆ ಕಿರಣ ತಾಗುವಂತೆ ಮೊದಲೇ ಸ್ಕ್ಯಾನ್ ಮಾಡಿ ಲೆಕ್ಕ ಹಾಕಿರುತ್ತಾರೆ. ಕೆಲವು ಕಡೆ ದೀರ್ಘ ಉಸಿರು ಎಳೆದು ಹಿಡಿದುಕೊಳ್ಳಲು ಹೇಳುತ್ತಾರೆ. ಆಗ ಹೃದಯ ಎದೆಗೋಡೆಯಿಂದ ದೂರ ಸರಿಯುತ್ತದೆ.

ಮುಗಿದ ಮೇಲೆ ಸ್ತನ ಭಾರವೆನಿಸುವುದು, ಆಗಾಗ ಚುಚ್ಚಿದ ಹಾಗಾಗುವುದು ಕೆಲವು ತಿಂಗಳು ಇರಬಹುದು. ಕಪ್ಪು ನಿಧಾನವಾಗಿ ತಿಳಿಯಾಗುತ್ತದೆ. ಆ ಜಾಗಕ್ಕೆ ಕನಿಷ್ಠ ಒಂದು ವರ್ಷ ನೇರ ಬಿಸಿಲು ತಾಗಿಸಬೇಡಿ. ಆಪರೇಷನ್ ಆದಾಗ ಕಲಿಸಿದ ಭುಜದ ವ್ಯಾಯಾಮವನ್ನು ನಿಲ್ಲಿಸಬಾರದು, ಇಲ್ಲವಾದರೆ ತೋಳು ಮೇಲೆತ್ತಲು ಬಾರದ ಹಾಗೆ ಬಿಗಿಯುತ್ತದೆ. ಕೈ ಊದಿಕೊಂಡರೆ, ಬಳೆ ಬಿಗಿಯಾದರೆ ಬೇಗ ತೋರಿಸಿ. ಮುಂದಿನ ಕೆಲವು ತಿಂಗಳಲ್ಲಿ ಒಣಕೆಮ್ಮು, ಉಬ್ಬಸ ಶುರುವಾದರೆ ಸುಮ್ನೆ ಕಫದ ಸಿರಪ್ ಕುಡಿಸುತ್ತಾ ಕೂರಬೇಡಿ. ಅಪರೂಪಕ್ಕೆ ಶ್ವಾಸಕೋಶದ ಒಂದು ಭಾಗ ಕಿರಣದಿಂದ ಊದಿಕೊಂಡಿರುತ್ತದೆ, ಅದಕ್ಕೆ ಚಿಕಿತ್ಸೆ ಇದೆ. ಊರಿನ ಡಾಕ್ಟರಿಗೆ ತೋರಿಸಿದರೂ ರೇಡಿಯೇಶನ್ ಆಗಿದೆ ಎಂದು ಮೊದಲೇ ಹೇಳಿ, ಡಿಸ್ಚಾರ್ಜ್ ಚೀಟಿ ಕೈಯಲ್ಲಿರಲಿ. ರೇಡಿಯೇಶನ್ ಮುಗಿದು 6 ತಿಂಗಳಿಂದ 1 ವರ್ಷದೊಳಗೆ ಮೊದಲ ಮ್ಯಾಮೊಗ್ರಾಮ್ (ಸ್ತನದ ಎಕ್ಸ್-ರೇ) ಮಾಡಿಸುತ್ತಾರೆ. ಆ ತಾರೀಖನ್ನೂ ಈಗಲೇ ಕೇಳಿ, ಅದೇ ಚೀಟಿಯಲ್ಲಿ ಬರೆಸಿಕೊಳ್ಳಿ.