‘ಇದು ಜಾವಾನೇ ಅಲ್ಲ’: ಮೈಸೂರಿನ ಬೈಕು ಮತ್ತು ತಲೆಮಾರುಗಳ ಮೇಲುಕೀಳು

2018ರ ನವೆಂಬರಿನಲ್ಲಿ ಜಾವಾ ಹೆಸರಿನ ಬೈಕು ಮತ್ತೆ ಮಾರುಕಟ್ಟೆಗೆ ಬಂದಾಗ ಹಳೇ ಗಾಡಿ ಇಟ್ಟುಕೊಂಡವರಲ್ಲಿ ಅನೇಕರು ಆಡಿದ ಮಾತು ಒಂದೇ: ‘ಇದು ಜಾವಾನೇ ಅಲ್ಲ.’ ಹೊಸ ಗಾಡಿ ತಂದ ಹುಡುಗರಿಗೆ ಅದು ಇವತ್ತಿಗೂ ಚುಚ್ಚುತ್ತದೆ. ಆದರೆ ಈ ಮೇಲುಕೀಳು ಶುರುವಾದದ್ದು 2018ರಲ್ಲಲ್ಲ. ಮೈಸೂರಿನ ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲೇ ಅದರ ಬೇರು ಇದೆ.

ಜಾವಾ ಮೂಲತಃ ಜೆಕೊಸ್ಲೊವಾಕಿಯಾದ್ದು, 1929ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿದ ಕಂಪನಿ. ವಿದೇಶಿ ಬೈಕುಗಳ ಆಮದಿಗೆ ಭಾರತ ಸರ್ಕಾರ ಕಡಿವಾಣ ಹಾಕಿದ ಮೇಲೆ ಇಲ್ಲೇ ತಯಾರಿಸುವುದು ಅನಿವಾರ್ಯವಾಯಿತು. ರುಸ್ತಮ್ ಇರಾನಿ ಮತ್ತು ಫಾರೋಖ್ ಇರಾನಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಟ್ಟಿದರು. 1961ರಲ್ಲಿ ಉತ್ಪಾದನೆ ಆರಂಭ. 1970ರ ದಶಕದ ಮೊದಲ ವರ್ಷಗಳಲ್ಲಿ ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿ ಆಯಿತು. ಮೊದಲ ಬಿರುಕು ಬಿದ್ದದ್ದು ಅಲ್ಲಿ. ಅದೇ ಕಾರ್ಖಾನೆ, ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಅದೇ 250 ಸಿಸಿ ಟೂ ಸ್ಟ್ರೋಕ್ ಎಂಜಿನ್, ಅದೇ ಜೋಡಿ ಸೈಲೆನ್ಸರ್. ಆದರೂ ಕ್ರೋಮ್ ಹಾಕಿದ ಟ್ಯಾಂಕಿನ ಜಾವಾ ಇದ್ದವರಿಗೆ ತಮ್ಮದೇ ಒರಿಜಿನಲ್. ಶುರುವಿನ ಗಾಡಿಗಳಲ್ಲಿ ಜೆಕ್ ಬಿಡಿಭಾಗಗಳಿದ್ದವು ಎನ್ನುವುದು ಅವರ ಹೆಮ್ಮೆಗೆ ಆಧಾರ. 1978ರಲ್ಲಿ ಯೆಜ್ಡಿಯ ರೋಡ್‌ಕಿಂಗ್ ಎಂಬ ಮಾದರಿ ಬಂತು. ಅದರ ಸವಾರರು ವೇಗವನ್ನು ಮುಂದಿಟ್ಟು, ಹಳೇ ಜಾವಾ ಮೆರವಣಿಗೆಗೆ ಸರಿ ಎಂದರು.

ಈ ಜಗಳದಲ್ಲಿ ಎಲ್ಲರೂ ಒಪ್ಪುವ ಒಂದು ವಸ್ತುವಿದೆ: ಎಡಗಾಲಿನ ಬಳಿಯ ಲಿವರ್. ಗೇರು ಹಾಕುವುದೂ ಅದರಿಂದಲೇ, ಸ್ಟಾರ್ಟ್ ಮಾಡುವುದೂ ಅದರಿಂದಲೇ. ಒಳಕ್ಕೆ ಒತ್ತಿ, ಹಿಂದಕ್ಕೆ ತಿರುಗಿಸಿ ಮೇಲೆತ್ತಿದರೆ ಕಿಕ್ಕರ್. ಎಂಜಿನ್ ಹತ್ತಿದ ಮೇಲೆ ಮುಂದಕ್ಕೆ ಮಲಗಿಸಿದರೆ ಗೇರ್. ಬೇರೆ ಬೈಕಿನಿಂದ ಬಂದವನು ಬಲಗಡೆ ಕಿಕ್ಕರ್ ಹುಡುಕುತ್ತಾ ನಿಂತರೆ ಮಾಲೀಕನ ಮುಖದಲ್ಲಿ ನಗು. ಪೆಟ್ರೋಲಿಗೆ ಆಯಿಲ್ ಎಷ್ಟು ಬೆರೆಸಬೇಕು, ಕಿಡಿ ಹೊತ್ತುವ ಹೊತ್ತು ನಿರ್ಧರಿಸುವ ಪಾಯಿಂಟಿನ ಗ್ಯಾಪ್ ಎಷ್ಟಿರಬೇಕು, ಪ್ಲಗ್ ಕಪ್ಪಾದರೆ ಏನು ಅರ್ಥ, ಇವೆಲ್ಲ ಕೈಗೆ ಹತ್ತಿದವನೇ ಈ ಗಾಡಿಗೆ ಒಡೆಯ. ದುಡ್ಡು ಕೊಟ್ಟ ಮಾತ್ರಕ್ಕೆ ಆಗುತ್ತಿರಲಿಲ್ಲ.

1980ರ ದಶಕದ ನಡುವಿನಲ್ಲಿ ಜಪಾನ್ ತಂತ್ರಜ್ಞಾನದ 100 ಸಿಸಿ ಬೈಕುಗಳು ಬಂದವು. ಹೀರೋ ಹೊಂಡಾ ಕೊಡುತ್ತಿದ್ದ ಮೈಲೇಜಿನ ಮುಂದೆ ಯೆಜ್ಡಿ ನಿಲ್ಲಲಿಲ್ಲ. ಹೊಗೆ ನಿಯಮಗಳೂ ಬಿಗಿಯಾದವು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ನನ್ನ ಮಟ್ಟಿಗೆ, ಅಭಿಮಾನ ಅಹಂಕಾರವಾಗಿ ಗಟ್ಟಿಯಾದದ್ದು ಆಮೇಲೆ. ಹೊಸ ಗಾಡಿ ಬರುವುದಿಲ್ಲ, ಬಿಡಿಭಾಗ ಸಿಗುವುದಿಲ್ಲ ಎಂದಾದಾಗ ಉಳಿಸಿಕೊಂಡವರು ಅಪರೂಪದವರಾದರು. ಯಾವ ನಟ್ಟು ಕಂಪನಿಯದ್ದು, ಯಾವುದು ನಕಲಿ ಎಂದು ಹೇಳಬಲ್ಲವನ ಮಾತಿಗೆ ಬೆಲೆ ಬಂತು. ಒಂದು ಕಾಲಕ್ಕೆ ಗುಜರಿ ಸೇರುತ್ತಿದ್ದ ರೋಡ್‌ಕಿಂಗ್ ಇಂದು ಲಕ್ಷ ದಾಟಿ ಮಾರಾಟವಾಗುತ್ತದೆ. ಜುಲೈ ಎರಡನೇ ಭಾನುವಾರ ಬೆಂಗಳೂರಿನಲ್ಲಿ ಜಾವಾ, ಯೆಜ್ಡಿ ಸವಾರರು ಸೇರುವ ಜಾವಾ ದಿನಕ್ಕೆ ಅದೂ ರಾಜಠೀವಿಯಿಂದ ಬರುತ್ತದೆ.

ಇಂಥ ಬಳಗದೊಳಕ್ಕೆ ಬಂದದ್ದು 293 ಸಿಸಿಯ, ಫೋರ್ ಸ್ಟ್ರೋಕ್, ನೀರಿನಿಂದ ತಣ್ಣಗಾಗುವ ಎಂಜಿನ್ನಿನ ಹೊಸ ಜಾವಾ. ತಯಾರಾಗುವುದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀತಂಪುರದಲ್ಲಿ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಇಟ್ಟು ಹಳೆಯ ರೂಪ ಉಳಿಸಿದರು. ಹೊಗೆಯ ವಾಸನೆ, ಆ ಸದ್ದು ಬರಲಿಲ್ಲ, ಇಂದಿನ ನಿಯಮದಲ್ಲಿ ಬರುವಂತೆಯೂ ಇರಲಿಲ್ಲ. 2022ರಲ್ಲಿ 334 ಸಿಸಿಯ ಯೆಜ್ಡಿಗಳು ಬಂದಾಗಲೂ ಅದೇ ತಕರಾರು.

ಹಳಬರ ನೋವು ಸುಳ್ಳಲ್ಲ, ಆದರೆ ಅವರು ಬೆರಳು ತೋರಿಸುವ ಕಡೆ ತಪ್ಪಿದೆ ಎಂದೇ ನನಗನ್ನಿಸುತ್ತದೆ. ಸದ್ದಿಗಿಂತ ದೊಡ್ಡ ನಷ್ಟ ಇನ್ನೊಂದಿದೆ. ಕಾರ್ಖಾನೆ ಮುಚ್ಚಿದ ಮೇಲೆ ಈ ಗಾಡಿಗಳನ್ನು ಇಷ್ಟು ವರ್ಷ ಬದುಕಿಸಿದ್ದು ಗಲ್ಲಿ ಗ್ಯಾರೇಜಿನ ಮೇಸ್ತ್ರಿಗಳು. ಹಳೇ ಎಂಜಿನ್ನನ್ನು ಅವರು ಒಂದು ಸ್ಪ್ಯಾನರ್ ಸೆಟ್ಟಿನಲ್ಲಿ ಬಿಚ್ಚಿ ಜೋಡಿಸಬಲ್ಲರು. ಫ್ಯೂಯೆಲ್ ಇಂಜೆಕ್ಷನ್ (ಪೆಟ್ರೋಲನ್ನು ಎಲೆಕ್ಟ್ರಾನಿಕ್ ಆಗಿ ಅಳೆದು ಚಿಮ್ಮಿಸುವ ವ್ಯವಸ್ಥೆ) ಇರುವ ಹೊಸದು ಕೆಟ್ಟರೆ ಕಂಪ್ಯೂಟರಿಗೆ ಜೋಡಿಸಿ ನೋಡಬೇಕು, ಅಂದರೆ ಶೋರೂಮಿಗೇ ಹೋಗಬೇಕು. ಇದು ಇಂದಿನ ಎಲ್ಲ ಬೈಕುಗಳ ಕತೆ. ಸಾಲ ಮಾಡಿ ಹೊಸ ಜಾವಾ ತಂದವನ ತಪ್ಪೇನೂ ಇಲ್ಲ. ಅವನೂ ಅಪ್ಪನೋ ಮಾವನೋ ಓಡಿಸುತ್ತಿದ್ದ ಗಾಡಿಯ ಹೆಸರು ನೋಡಿಯೇ ಬಂದಿರುತ್ತಾನೆ. ಅವನಿಗೆ ಹಳೇ ಗಾಡಿಯ ಕಿಕ್ಕರ್ ಎತ್ತುವುದನ್ನು ಕಲಿಸಬಲ್ಲವರು, ಇವತ್ತು ಅವನನ್ನು ಪಕ್ಕಕ್ಕೆ ಸರಿಸುತ್ತಿರುವ ಹಳಬರೇ.