ಕ್ಯಾಲ್ಕುಲೇಟರಿನಲ್ಲಿ ಒಂದು ಉತ್ತರ, ಪುಸ್ತಕದಲ್ಲಿ ಎರಡು: ಯಾಕೆ?

ಪ್ರಶ್ನೆ: ಸೈನ್ ಥೀಟಾ = 1/2 ಅಂದರೆ 30° ಅಂತ ಹತ್ತನೇ ಕ್ಲಾಸಲ್ಲಿ ಕಲಿತೆವು. ಈಗ 150° ಕೂಡ ಉತ್ತರ ಅನ್ನುತ್ತಾರೆ. ಸೂತ್ರವೆಲ್ಲ ಬಾಯಿಪಾಠ ಇದೆ, ಆದರೂ ನನ್ನ ಉತ್ತರ ಒಮ್ಮೆ ಕಡಿಮೆ ಬರುತ್ತದೆ, ಒಮ್ಮೆ ಹೆಚ್ಚು. ಎಲ್ಲಿ ಎಡವುತ್ತಿದ್ದೇನೆ?
– ಪ್ರಥಮ ಪಿಯುಸಿ ವಿದ್ಯಾರ್ಥಿನಿ, ತೀರ್ಥಹಳ್ಳಿ

ಹತ್ತನೇ ತರಗತಿಯಲ್ಲಿ ನೀವು ಕೋನವನ್ನು ಲಂಬಕೋನ ತ್ರಿಭುಜದೊಳಗೆ ಕೂಡಿಹಾಕಿದ್ದಿರಿ. ಅಲ್ಲಿ ಅದು 90° ದಾಟುವಂತಿರಲಿಲ್ಲ, ಹಾಗಾಗಿ ಉತ್ತರವೂ ಒಂದೇ. ಪಿಯುಸಿಯಲ್ಲಿ ಕೋನ ಪೂರ್ತಿ ಸುತ್ತು ಹೊಡೆಯುತ್ತದೆ. ಸೈನ್ ಬೆಲೆ 90°ವರೆಗೆ ಏರಿ, ಆಮೇಲೆ ಇಳಿಯುತ್ತದೆ. ಏರುವಾಗ ಮುಟ್ಟಿದ ಬೆಲೆಯನ್ನು ಇಳಿಯುವಾಗಲೂ ಮುಟ್ಟಲೇಬೇಕು. ಸೈನ್ (180° − ಥೀಟಾ) = ಸೈನ್ ಥೀಟಾ ಎಂಬ ನಿತ್ಯಸಮೀಕರಣದ ತಿರುಳು ಇಷ್ಟೇ.

ಈ ಎರಡನೇ ಉತ್ತರ ಬರೀ ಕಾಗದದ ಮೇಲಿನದಲ್ಲ. ಶಿವಮೊಗ್ಗದ ಅಕ್ಷಾಂಶ ಸುಮಾರು 13.9° ಉತ್ತರ. ಸೂರ್ಯ ನಡುನೆತ್ತಿಗೆ ಬರಬೇಕಾದರೆ ಅವನ ಕ್ರಾಂತಿಯೂ (ಆಕಾಶದಲ್ಲಿ ಸಮಭಾಜಕದಿಂದ ಅವನು ಉತ್ತರಕ್ಕೋ ದಕ್ಷಿಣಕ್ಕೋ ಸರಿದಿರುವ ಕೋನ) ಅಷ್ಟೇ ಆಗಬೇಕು. ಹಗಲು-ಇರುಳು ಸಮವಾಗುವ ಮಾರ್ಚ್ ವಿಷುವದಿಂದ ಸೂರ್ಯ ಸಾಗಿದ ಕೋನ ಥೀಟಾ ಆದರೆ, ಸೈನ್ (ಕ್ರಾಂತಿ) = ಸೈನ್ 23.4° × ಸೈನ್ ಥೀಟಾ; 23.4° ಅಂದರೆ ಭೂಮಿಯ ಅಕ್ಷದ ಓರೆ. ಲೆಕ್ಕ ಹಾಕಿದರೆ ಸೈನ್ ಥೀಟಾ ಸುಮಾರು 0.605. ಕ್ಯಾಲ್ಕುಲೇಟರ್ 37° ಎಂದು ಹೇಳಿ ಸುಮ್ಮನಾಗುತ್ತದೆ. ಸೂರ್ಯ ದಿನಕ್ಕೆ ಹೆಚ್ಚುಕಡಿಮೆ ಒಂದು ಡಿಗ್ರಿ ಸಾಗುವುದರಿಂದ ಇದು ಏಪ್ರಿಲ್ ಕೊನೆಯ ವಾರ. ಆಗ ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ಮಧ್ಯಾಹ್ನ ನೆರಳೇ ಇರುವುದಿಲ್ಲ. 180ರಲ್ಲಿ 37 ಕಳೆದರೆ 143°, ಅಂದರೆ ಆಗಸ್ಟ್ ನಡುಭಾಗ. ಸೂರ್ಯ ಕರ್ಕಾಟಕ ವೃತ್ತದವರೆಗೆ ಹೋಗಿ ವಾಪಸ್ ಬರುವಾಗ ಮತ್ತೆ ನಮ್ಮ ತಲೆಯ ಮೇಲೇ ಹಾಯುತ್ತಾನೆ. ಆ ಹೊತ್ತಿಗೆ ಮಲೆನಾಡಿನಲ್ಲಿ ಮಳೆಮೋಡ ಕವಿದಿರುತ್ತದೆ ಅನ್ನುವುದು ಬೇರೆ ಮಾತು. ಕಾಣದಿದ್ದರೂ ಉತ್ತರ ಉತ್ತರವೇ.

ಇನ್ನು ನಿಮ್ಮ ಉತ್ತರ ಕಡಿಮೆಯಾಗುವ ಕಾರಣ. ಸೈನ್ 2ಥೀಟಾ = ಸೈನ್ ಥೀಟಾ ತೆಗೆದುಕೊಳ್ಳಿ. ಎಡಬದಿಯನ್ನು 2 ಸೈನ್ ಥೀಟಾ ಕಾಸ್ ಥೀಟಾ ಎಂದು ಬಿಡಿಸಿದ ಕೂಡಲೇ ಕೈ ತುರಿಸುತ್ತದೆ: ಎರಡೂ ಕಡೆ ಇರುವ ಸೈನ್ ಥೀಟಾವನ್ನು ಕ್ಯಾನ್ಸಲ್ ಮಾಡಿಬಿಡುತ್ತೀರಿ. ಕಾಸ್ ಥೀಟಾ = 1/2 ಉಳಿದು, 60° ಮತ್ತು 300° ಸಿಗುತ್ತವೆ. ಆದರೆ ಸೈನ್ ಥೀಟಾ ಸೊನ್ನೆಯೂ ಆಗಬಹುದಲ್ಲ? ಸೊನ್ನೆಯಿಂದ ಭಾಗಿಸುವಂತಿಲ್ಲ. ಎಲ್ಲವನ್ನೂ ಒಂದೇ ಬದಿಗೆ ತಂದು ಸೈನ್ ಥೀಟಾ (2 ಕಾಸ್ ಥೀಟಾ − 1) = 0 ಎಂದು ಅಪವರ್ತಿಸಿದರೆ, ಕಳೆದುಹೋಗಿದ್ದ 0° ಮತ್ತು 180° ಕೂಡ ಸಿಗುತ್ತವೆ.

ಹೆಚ್ಚಾಗುವುದು ವರ್ಗ ಮಾಡಿದಾಗ. ಸೈನ್ ಥೀಟಾ + ಕಾಸ್ ಥೀಟಾ = 1 ಇದನ್ನು ವರ್ಗ ಮಾಡಿದರೆ, ಸೈನ್ ವರ್ಗ, ಕಾಸ್ ವರ್ಗ ಸೇರಿ 1 ಆಗಿ, ಸೈನ್ 2ಥೀಟಾ = 0 ಉಳಿಯುತ್ತದೆ. 0°, 90°, 180°, 270° ನಾಲ್ಕೂ ಇದಕ್ಕೆ ಸರಿ. ಮೂಲ ಸಮೀಕರಣದಲ್ಲಿ ಹಾಕಿ ನೋಡಿ: ಕೊನೆಯ ಎರಡಕ್ಕೆ ಮೊತ್ತ −1 ಬರುತ್ತದೆ. ವರ್ಗ ಮಾಡಿದರೆ 1 ಮತ್ತು −1ರ ಭೇದವೇ ಅಳಿಸಿಹೋಗುತ್ತದೆ, ಹಾಗಾಗಿ ಅವು ನುಸುಳಿಕೊಂಡವು.

ಎನ್ ಸೇರಿಸಿ ಬರೆಯುವ ಸಾಮಾನ್ಯ ಪರಿಹಾರದ ಸೂತ್ರಕ್ಕೆ ಅವಸರ ಬೇಡ ಅನ್ನುವುದು ನನ್ನ ಅಭಿಪ್ರಾಯ. ಒಂದು ಸುತ್ತಿನ ಉತ್ತರಗಳು ಪಕ್ಕಾ ಆದರೆ, ಪ್ರತಿಯೊಂದಕ್ಕೂ 360°ಯ ಗುಣಕಗಳನ್ನು ಕೂಡಿಸಿದರೆ ಆಯಿತು.